ಫ್ಲಾರೆನ್ಸಿನಿಂದ ಹೋಗಿ ಸಂಜೆಗೆ ಮರಳುವ ಊರುಗಳು

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬಹುಪಾಲು ಪೂಜಾವಿಧಿಯನ್ನೋ ಪಾಠಾಂತರವನ್ನೋ ಕುರಿತು ಇರುವುದು ವಾಡಿಕೆ. ಈ ಬಾರಿ ಬಂದ ಪತ್ರವೊಂದು ಅದಕ್ಕೆ ಹೊರತಾದುದು. ಓದುಗರಾದ ತಾಯಿಯೊಬ್ಬರು ಬರೆದಿದ್ದಾರೆ: ಮಗನು ಉದ್ಯೋಗನಿಮಿತ್ತ ಇಟಲಿಯ ಫ್ಲಾರೆನ್ಸ್ ನಗರದಲ್ಲಿದ್ದಾನೆ, ತಾವು ದಂಪತಿಗಳು ಹನ್ನೆರಡು ದಿನಗಳ ಮಟ್ಟಿಗೆ ಅಲ್ಲಿಗೆ ಹೋಗುವವರಿದ್ದಾರೆ, ಮಗನಿಗೆ ರಜೆಯಿಲ್ಲ. "ತಾವು ಹೋಗಿಬಂದವರೆಂದು ಕೇಳಿದ್ದೇವೆ. ಬೆಳಿಗ್ಗೆ ಹೊರಟು ರಾತ್ರಿ ಮನೆಯ ಊಟಕ್ಕೆ ಮರಳುವಂತೆ ಯಾವ ಯಾವ ಊರುಗಳನ್ನು ನೋಡಬಹುದು? ಪೂಜೆ, ಪ್ರಸಾದಗಳಿಗೆ ಲೋಪ ಬಾರದಂತೆ ಹೇಗೆ ನಡೆದುಕೊಳ್ಳಬೇಕು?" ಎಂಬುದು ಅವರ ಪ್ರಶ್ನೆ.

ಮಠದ ಪಾಠಶಾಲೆಯಲ್ಲಿ ಬೆಳೆದ ನನ್ನಂಥವನನ್ನು ಈ ವಿಷಯದಲ್ಲಿ ಕೇಳುವುದು ಬಡಗಿಯ ಬಳಿ ಬಂಗಾರದ ಒರೆ ಕೇಳಿದಂತೆ. ಆದರೂ ಮಗಳ ಮನೆಯಲ್ಲಿ ಒಂದು ವಸಂತವನ್ನು ಅದೇ ನಗರದಲ್ಲಿ ಕಳೆದವನಾದ್ದರಿಂದ, ಮತ್ತು ಆ ಅವಧಿಯಲ್ಲಿ ಮಾಡಬಾರದ ತಪ್ಪುಗಳನ್ನೆಲ್ಲ ಮಾಡಿ ಮುಗಿಸಿದವನಾದ್ದರಿಂದ, ಉತ್ತರಿಸುವ ಅಧಿಕಾರ ಸ್ವಲ್ಪಮಟ್ಟಿಗೆ ಉಂಟೆಂದು ಭಾವಿಸಿದ್ದೇನೆ.

ಮೊದಲ ತಪ್ಪು ಪಟ್ಟಿಯದು. ಹೊರಡುವ ಮುನ್ನ ಮನೆಯಲ್ಲಿಯೇ ಕುಳಿತು, ಹಸ್ತಪ್ರತಿಗಳಿಗೆ ಸೂಚಿ ತಯಾರಿಸುವ ಶ್ರದ್ಧೆಯಿಂದ, ಆರು ದಿನಕ್ಕೆ ಒಂಬತ್ತು ಊರುಗಳ ಪಟ್ಟಿ ಮಾಡಿದ್ದೆ. ಪೀಸಾ ಮತ್ತು ಲುಕ್ಕಾ ಒಂದು ದಿನ, ಸಿಯೆನಾ ಮತ್ತು ಗೋಪುರಗಳ ಸಾನ್ ಜಿಮಿಞಾನೋ ಇನ್ನೊಂದು ದಿನ, ಅಸ್ಸೀಸಿ, ಬೊಲೋಞಾ, ವೆನಿಸ್, ಸಮುದ್ರತೀರದ ಚಿಂಕ್ವೆ ತೆರ್ರೆ, ಉಳಿದ ಹೊತ್ತಿಗೆ ಅರೆಟ್ಸೊ. ನಕ್ಷೆಯಲ್ಲಿ ಎಲ್ಲವೂ ಗೇಣುದೂರ. ನನ್ನ ಮನೆಯವರಿಗೆ ಮೊಣಕಾಲಿನ ನೋವುಂಟೆಂಬ ಸಂಗತಿ ನಕ್ಷೆಯಲ್ಲಿ ಇರಲಿಲ್ಲ.

ಎರಡನೆಯ ದಿನವೇ ಅದು ಬಯಲಾಯಿತು. ಸಿಯೆನಾಗೆ ಹೋಗುವ ರೈಲುಗಳಲ್ಲಿ ಕೆಲವು ನೇರ, ಕೆಲವಕ್ಕೆ ಎಂಪೊಲಿ ಎಂಬಲ್ಲಿ ಬದಲಾವಣೆ. ಎಂಪೊಲಿಯಲ್ಲಿ ಐದು ನಿಮಿಷದ ಅಂತರವಿದ್ದ ರೈಲನ್ನು ನಾನು ಆರಿಸಿದ್ದೆ. ಆ ಐದು ನಿಮಿಷದಲ್ಲಿ ಮೆಟ್ಟಿಲಿಳಿದು, ಸುರಂಗ ದಾಟಿ, ಮತ್ತೊಂದು ಕಟ್ಟೆಯನ್ನೇರುವುದು ಯುವಕರಿಗೆ ಸರಿ. ನಾವು ಮೇಲೇರಿದಾಗ ರೈಲು ಹೊರಟು ಹೋಗಿತ್ತು. ಮುಂದಿನ ರೈಲಿನಲ್ಲಿ ಸಿಯೆನಾ ತಲುಪಿದರೆ ನಿಲ್ದಾಣ ಇರುವುದು ಬೆಟ್ಟದ ಬುಡದಲ್ಲಿ, ಊರು ಇರುವುದು ಬೆಟ್ಟದ ಮೇಲೆ. ನಿಲ್ದಾಣದ ಎದುರಿನ ಅಂಗಡಿ ಸಮುಚ್ಚಯದೊಳಗಿಂದ ಊರಬಾಗಿಲಿನ ಹತ್ತಿರದವರೆಗೂ ಚಲಿಸುವ ಮೆಟ್ಟಿಲುಗಳ ಸಾಲೇ ಇದೆ. ಯಾರನ್ನೂ ಕೇಳದೆ ರಸ್ತೆ ಹಿಡಿದು ಏರತೊಡಗಿದವನು ನಾನು. ಅರ್ಧ ದಾರಿಯಲ್ಲಿ ಅವರು ಒಂದು ಮನೆಯ ಹೊಸ್ತಿಲ ಕಲ್ಲಿನ ಮೇಲೆ ಕುಳಿತರು. "ನೀವು ನೋಡಿಕೊಂಡು ಬನ್ನಿ, ನಾನು ಇಲ್ಲೇ ಇರುತ್ತೇನೆ" ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಸುಲಭವಾಗುತ್ತಿತ್ತು.

ಅಂದು ರಾತ್ರಿ ಪಟ್ಟಿಯನ್ನು ಹರಿದೆ. ಪತ್ರ ಬರೆದ ತಾಯಿಗೆ ನಾನು ಹೇಳುವುದೆಲ್ಲ ಆ ಪಟ್ಟಿ ಹರಿದ ಮೇಲಿನ ವಿವೇಕ.

ಒಂದು ದಿನಕ್ಕೆ ಒಂದೇ ಊರು. ಒಂದು ದಿನ ಹೋದರೆ ಮರುದಿನ ಮನೆ. ಹೋಗುವ ದಾರಿ ಎರಡೂವರೆ ಗಂಟೆಗಿಂತ ಹೆಚ್ಚಿರಬಾರದು. ಇಷ್ಟಕ್ಕೆ ಬದ್ಧರಾದರೆ ವೆನಿಸ್ಸೂ ಚಿಂಕ್ವೆ ತೆರ್ರೆಯೂ ತಾವಾಗಿಯೇ ಬಿದ್ದುಹೋಗುತ್ತವೆ. ವೇಗದ ರೈಲಿನಲ್ಲಿ ವೆನಿಸ್ ಎರಡು ಗಂಟೆಯ ದಾರಿಯೇ ಆದರೂ ಸೇತುವೆ ಸೇತುವೆಗೂ ಮೆಟ್ಟಿಲು. ಸಾಲದುದಕ್ಕೆ 2024ರಿಂದ, ಜನಸಂದಣಿಯ ಕೆಲವು ದಿನಗಳಲ್ಲಿ, ರಾತ್ರಿ ತಂಗದೆ ಹಗಲಷ್ಟೇ ನೋಡಿ ಹೋಗುವವರಿಂದ ಆ ನಗರವು ಪ್ರವೇಶಶುಲ್ಕವನ್ನೂ ವಸೂಲು ಮಾಡತೊಡಗಿದೆ. ಒಂದು ಹಗಲಿನಲ್ಲಿ ನೋಡಿ ಮುಗಿಸುವವರನ್ನು ಕಂಡು ಆ ಊರೂ ಬೇಸತ್ತಿದೆಯೆಂದು ತಿಳಿಯಬೇಕು. ಬೊಲೋಞಾ ವೇಗದ ರೈಲಿನಲ್ಲಿ ನಲವತ್ತು ನಿಮಿಷದೊಳಗೆ ಸಿಗುತ್ತದೆ. ಬೀದಿಗಳ ಇಕ್ಕೆಲದಲ್ಲಿ ಮೈಲುಗಟ್ಟಲೆ ಕಮಾನು ಮೊಗಸಾಲೆಗಳಿರುವುದರಿಂದ ಮಳೆಯ ದಿನಕ್ಕೆ ಅದನ್ನು ಮೀಸಲಿಡಬಹುದು.

ಇನ್ನು ರೈಲಿನ ಮಾತು. ಎಲ್ಲ ಪ್ರಯಾಣಕ್ಕೂ ಮೂಲಸ್ಥಾನ ಸಾಂತಾ ಮರಿಯಾ ನೊವೆಲ್ಲಾ ಎಂಬ ನಿಲ್ದಾಣ. ಪ್ರಾದೇಶಿಕ ರೈಲುಗಳಲ್ಲಿ ದರ ನಿಶ್ಚಿತ, ಆಸನ ಕಾದಿರಿಸುವ ಗೊಡವೆಯಿಲ್ಲ, ಮುಂಗಡ ಕೊಂಡರೆ ಅಗ್ಗವಾಗುವುದೂ ಇಲ್ಲ. ಆದಕಾರಣ ಅಂದಂದಿನ ಮೈಯ ಸ್ಥಿತಿ ನೋಡಿ ಅಂದೇ ಟಿಕೆಟ್ ಕೊಳ್ಳುವುದು ಲೇಸು. ಕಾಗದದ ಟಿಕೆಟ್ಟಾದರೆ ಏರುವ ಮುನ್ನ ಕಟ್ಟೆಯ ಬಳಿಯ ಯಂತ್ರದಲ್ಲಿ ಮುದ್ರೆ ಹಾಕಿಸಲೇಬೇಕು. ಮರೆತವರಿಗೆ ದಂಡ, ಮುಗ್ಧತೆಗೆ ಮನ್ನಣೆಯಿಲ್ಲ. ಅಲ್ಲಿ ರೈಲ್ವೆ ಮುಷ್ಕರಗಳು ಅಪರೂಪವಲ್ಲ. ಮುಂಚಿತವಾಗಿ ಘೋಷಿಸಿಯೇ ಮಾಡುತ್ತಾರೆ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರ ನಡುವೆ ಪ್ರಾದೇಶಿಕ ಸೇವೆಯ ಕೆಲವು ರೈಲುಗಳನ್ನು ಓಡಿಸಲೇಬೇಕೆಂಬ ಏರ್ಪಾಡಿದೆ. ಹಿಂದಿನ ರಾತ್ರಿ ಮಗನಿಂದ ವಿಚಾರಿಸಿಕೊಳ್ಳಿ. ಬಾಡಿಗೆ ಕಾರಿನ ಮೋಹ ಬೇಡ. ಹಳೆಯ ಊರುಗಳ ಒಳಭಾಗಕ್ಕೆ ಹೊರಗಿನ ವಾಹನಗಳಿಗೆ ನಿಷೇಧವಿದೆ, ದಂಡದ ಪತ್ರವು ತಿಂಗಳುಗಳ ಬಳಿಕ ಮನೆಗೆ ಬಂದು ತಲುಪುತ್ತದೆ.

ಪೂಜೆಯ ವಿಷಯ. ಇಷ್ಟಲಿಂಗಾರ್ಚನೆ ಮುಗಿಸದೆ ಪ್ರಸಾದ ಸ್ವೀಕರಿಸದವರು ಎಂಟರ ರೈಲಿಗೆ ಐದಕ್ಕೇ ಏಳಬೇಕು. ಇದರಲ್ಲಿ ಹೊಸತೇನಿಲ್ಲ, ಜಾತ್ರೆಗೆ ಹೋಗುವಾಗಲೂ ನಮ್ಮ ಹಿರಿಯರು ಏಳುತ್ತಿದ್ದರು. ವಿಭೂತಿಯನ್ನು ಮನೆಯಿಂದಲೇ ಒಯ್ಯಿರಿ. ಪತ್ರೆ ದೊರೆಯದು, ಹೂವು ಸಂತೆಯಲ್ಲಿ ಯಥೇಚ್ಛ. ಕರಡಿಗೆ ಬೆಳ್ಳಿಯದಾದರೆ ತಪಾಸಣೆಯ ಬಾಗಿಲುಗಳು ಕೂಗುವುದುಂಟು. ಗಾಬರಿಪಡದೆ ಕೈಮುಗಿದು, ಧಾರ್ಮಿಕ ವಸ್ತುವೆಂದು ತಿಳಿಸಿದರೆ ಗೌರವದಿಂದಲೇ ಬಿಡುತ್ತಾರೆ. ಕೊರಳಲ್ಲಿ ಕ್ರೂಜೆ ಧರಿಸುವ ಜನ ಅವರು, ಮೈಮೇಲೆ ದೇವರನ್ನು ಧರಿಸುವುದೆಂದರೇನೆಂದು ಅವರಿಗೆ ವಿವರಿಸಬೇಕಾಗಿಲ್ಲ. ಒಂದು ಎಚ್ಚರಿಕೆ ಮಾತ್ರ ಅವಶ್ಯ. ಪೀಸಾದ ಗೋಪುರವನ್ನು ಏರುವವರು ಚೀಲಗಳನ್ನು ಕೆಳಗೆ ಇರಿಸಿಯೇ ಹೋಗಬೇಕು. ಕರಡಿಗೆಯನ್ನು ಚೀಲದಲ್ಲಿ ಇಡುವ ಅಭ್ಯಾಸ ಈಚೆಗೆ ನಮ್ಮವರಲ್ಲಿ ಕಾಣುತ್ತಿದೆ. ಅದು ಶಿವದಾರದಲ್ಲಿ ಎದೆಯ ಮೇಲಿರಲಿ. ಅದರ ಸ್ಥಾನವೂ ಅದೇ ಅಲ್ಲವೆ?

ಪ್ರಸಾದದ ವಿಷಯದಲ್ಲಿ ತೊಡಕು ಹೆಚ್ಚು. "ಸೆಂತ್ಸಾ ಕಾರ್ನೆ" ಎಂದರೆ ಮಾಂಸವಿಲ್ಲದ್ದು, "ಸೆಂತ್ಸಾ ಪೆಶ್ಶೆ" ಎಂದರೆ ಮೀನಿಲ್ಲದ್ದು. ಎರಡನ್ನೂ ಹೇಳಬೇಕು, ಒಂದನ್ನೇ ಹೇಳಿದರೆ ಇನ್ನೊಂದು ತಟ್ಟೆಗೆ ಬಂದೀತು. ಕಾಳು, ಸೊಪ್ಪು, ಹಳೆಯ ರೊಟ್ಟಿ ಸೇರಿಸಿ ಕುದಿಸಿದ ರಿಬೊಲ್ಲೀತಾ ಎಂಬ ಸಾರು ಆ ಸೀಮೆಯ ಒಕ್ಕಲಿಗರ ಅಡುಗೆ. ಮಾಂಸದ ರಸ ಬೆರೆಸಿಲ್ಲವೆಂದು ಕೇಳಿ ತಿಳಿದರೆ ಅದಕ್ಕಿಂತ ಹಿತವಾದುದು ಬೇರೊಂದಿಲ್ಲ. ಪೀಸಾ, ಲುಕ್ಕಾಗಳಲ್ಲಿ ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪುಗಳಿಂದ ದೊಡ್ಡ ಹರಿವಾಣದಲ್ಲಿ ಬೇಯಿಸುವ ಚೆಚೀನಾ ಎಂಬುದು ನಮ್ಮ ಮನೆಯವರಿಗೆ ಝುಣಕದ ವಡಿಯನ್ನು ನೆನಪಿಗೆ ತಂದಿತು. ಅಲ್ಲಿಯ ರೊಟ್ಟಿಗೆ ಉಪ್ಪು ಹಾಕುವುದಿಲ್ಲ. ಅದು ಮರೆವಲ್ಲ, ಸಂಪ್ರದಾಯ. ಗಿಣ್ಣಿನ ವಿಚಾರ ಬಹಳ ಜನರಿಗೆ ಗೊತ್ತಿಲ್ಲದ್ದು. ಪಾರ್ಮಿಜಾನೊ ಎಂಬ ಪ್ರಸಿದ್ಧ ಗಿಣ್ಣನ್ನು ಹೆಪ್ಪುಗಟ್ಟಿಸಲು ಕರುವಿನ ಜಠರದಿಂದ ತೆಗೆದ ದ್ರವ್ಯವನ್ನೇ ಬಳಸಬೇಕೆಂಬುದು ಅದರ ನಿಯಮ. ಕಟ್ಟುನಿಟ್ಟಿನವರು ಅದನ್ನು ಉದುರಿಸದಂತೆ ಹೇಳಬೇಕು. ಇಷ್ಟೆಲ್ಲ ಪಚೀತಿ ಬೇಡವೆನ್ನುವವರಿಗೆ ಚಪಾತಿ, ಚಟ್ನಿಪುಡಿಗಳ ಗಂಟೇ ಗತಿ. ನಮಗೂ ಮೂರನೆಯ ಪ್ರವಾಸದಿಂದ ಅದೇ ಗತಿಯಾಯಿತು, ಸುಖವೂ ಆಯಿತು.

ಹೋಗಬೇಕಾದ ಊರುಗಳಲ್ಲಿ ಪೀಸಾ ಸಮೀಪದ್ದು, ಒಂದು ಗಂಟೆಯ ದಾರಿ. ನಿಲ್ದಾಣದಿಂದ ಗೋಪುರಕ್ಕೆ ಅರ್ಧ ಗಂಟೆಯ ನಡಿಗೆ, ಬಸ್ಸೂ ಇದೆ. ಗೋಪುರಕ್ಕೆ ಅಡಿಗಲ್ಲು ಬಿದ್ದದ್ದು 1173ರಲ್ಲಿ. ಬಸವಣ್ಣನವರ ಐಕ್ಯಕ್ಕೆ ಸಾಮಾನ್ಯವಾಗಿ ಹೇಳುವ 1167ನ್ನು ಒಪ್ಪಿದರೆ, ಕಲ್ಯಾಣ ಚದುರಿದ ಆರು ವರ್ಷಕ್ಕೆ. ಮೂರನೆಯ ಅಂತಸ್ತಿಗೆ ಬರುವಷ್ಟರಲ್ಲಿ ಮೆದು ನೆಲದಲ್ಲಿ ಒಂದು ಬದಿ ಕುಸಿಯತೊಡಗಿತು, ಕೆಲಸ ನಿಂತಿತು, ಸುಮಾರು ಎರಡು ಶತಮಾನಗಳಲ್ಲಿ ತಡೆತಡೆದು ಮುಗಿಯಿತು. ಬೀಳುವ ಭಯದಿಂದ 1990ರಲ್ಲಿ ಮುಚ್ಚಿದರು. ವಾಲಿದ ಬದಿಯನ್ನು ಎತ್ತುವ ಬದಲು, ಎದುರು ಬದಿಯಾದ ಉತ್ತರದ ಬುಡದಿಂದ ಸ್ವಲ್ಪ ಸ್ವಲ್ಪವೇ ಮಣ್ಣು ತೆಗೆದು, ಐದೂವರೆ ಡಿಗ್ರಿಯಷ್ಟಿದ್ದ ವಾಲನ್ನು ನಾಲ್ಕರ ಆಸುಪಾಸಿಗೆ ಇಳಿಸಿ, 2001ರ ಡಿಸೆಂಬರಿನಲ್ಲಿ ಮತ್ತೆ ತೆರೆದರು. ಪೂರ್ತಿ ನೆಟ್ಟಗೆ ಮಾಡುವ ಆಸೆ ಯಾರಿಗೂ ಇರಲಿಲ್ಲ. ಊರಿನ ಜೀವನೋಪಾಯವೇ ಆ ಓರೆಯಲ್ಲವೆ! ಏರುವ ಅಗತ್ಯವಿಲ್ಲ, ಹುಲ್ಲಿನ ಅಂಚಿನಲ್ಲಿ ಕುಳಿತು ನೋಡಿದರೂ ಕಾಣುವುದು ಅದೇ.

ಪೀಸಾಗಿಂತ ನನಗೆ ಪ್ರಿಯವಾದದ್ದು ಲುಕ್ಕಾ. ಊರಿನ ಸುತ್ತ 4 ಕಿಲೋಮೀಟರಿಗಿಂತ ತುಸು ಹೆಚ್ಚು ಉದ್ದದ ಕೋಟೆಗೋಡೆಯಿದೆ. ಅದರ ನೆತ್ತಿ ಒಂದು ರಸ್ತೆಯಷ್ಟು ಅಗಲ, ಮರಗಳ ಸಾಲು, ಕೂರಲು ಆಸನಗಳು. ಒಮ್ಮೆ ಮೇಲೇರಿದರೆ ಏರಿಳಿತವಿಲ್ಲದೆ ಊರಿಗೆ ಪ್ರದಕ್ಷಿಣೆ ಹಾಕಬಹುದು. ಮೊಣಕಾಲು ನೋಯುವವರಿಗೆ ಇಟಲಿಯಲ್ಲಿ ಇಷ್ಟು ಕರುಣೆ ತೋರಿದ ಊರನ್ನು ನಾನು ಬೇರೆ ಕಾಣೆ.

ಸಿಯೆನಾಗೆ ನಾವು ಎರಡನೆಯ ಬಾರಿ ಹೋದೆವು, ಬಸ್ಸಿನಲ್ಲಿ. ವೇಗದ ಬಸ್ಸು ಒಂದೂಕಾಲು ಗಂಟೆಯಲ್ಲಿ ಬೆಟ್ಟದ ಮೇಲೆಯೇ, ಊರಿನ ಮಗ್ಗುಲಲ್ಲೇ ಇಳಿಸುತ್ತದೆ. ಮೊದಲ ಸಲ ಅದನ್ನು ಆರಿಸದಿದ್ದುದಕ್ಕೆ ನನ್ನಲ್ಲಿ ಕಾರಣವಿಲ್ಲ. ಮುಖ್ಯ ದೇವಾಲಯದ ಪಕ್ಕದಲ್ಲಿ ಮೇಲ್ಛಾವಣಿಯಿಲ್ಲದ ಒಂದು ಬೃಹತ್ ಗೋಡೆ ಒಂಟಿಯಾಗಿ ನಿಂತಿದೆ. ಇದ್ದ ದೇವಾಲಯವನ್ನೇ ಅಡ್ಡಮೊಗಸಾಲೆಯಾಗಿಸಿಕೊಂಡು ಅದಕ್ಕಿಂತ ದೊಡ್ಡದನ್ನು ಕಟ್ಟಬೇಕೆಂದು 1339ರಲ್ಲಿ ಆರಂಭಿಸಿದರು. 1348ರಲ್ಲಿ ಮಹಾಮಾರಿ ಪ್ಲೇಗ್ ಬಂದು ಕಟ್ಟುವವರನ್ನೂ ಕಟ್ಟಿಸುವವರನ್ನೂ ಒಯ್ದಿತು. ಕೆಲಸ ಅಲ್ಲಿಗೇ ನಿಂತಿತು. ಆ ಗೋಡೆಯನ್ನು ಕೆಡವಲೂ ಇಲ್ಲ, ಮುಗಿಸಲೂ ಇಲ್ಲ.

ಆ ಮಾರಿಯ ಹಿಂದಿನ ವರ್ಷ, 1347ರಲ್ಲಿ, ಅದೇ ಊರಿನಲ್ಲಿ ಬಣ್ಣಗಾರನೊಬ್ಬನ ಮನೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳ ನಡುವೆ ಒಂದು ಹೆಣ್ಣುಮಗು ಹುಟ್ಟಿತು. ಅವಳೇ ಸಂತ ಕ್ಯಾಥರೀನ್. ಮದುವೆಯನ್ನು ನಿರಾಕರಿಸಿ ಕೂದಲು ಕತ್ತರಿಸಿಕೊಂಡವಳು, ರೋಗಿಗಳ ಸೇವೆಗೆ ನಿಂತವಳು. ಶಾಲೆಯ ಓದಿಲ್ಲದೆ ಬರಹಗಾರರಿಗೆ ಹೇಳಿ ಬರೆಸಿದ ಅವಳ ಪತ್ರಗಳು 380ರಷ್ಟು ಉಳಿದಿವೆ. ಫ್ರಾನ್ಸಿನ ಅವಿಞಾನಿನಲ್ಲಿ ಕುಳಿತಿದ್ದ ಪೋಪ್ ಹನ್ನೊಂದನೆಯ ಗ್ರೆಗೊರಿಗೆ, ರೋಮಿಗೆ ಮರಳಿ ಬನ್ನಿ, ಧೈರ್ಯ ತಂದುಕೊಳ್ಳಿ ಎಂದು ಎದೆಗೆ ತಟ್ಟುವಂತೆ ಬರೆಸಿದಳು. 1377ರಲ್ಲಿ ಆತ ಮರಳಿದ. ಅವಳು 33ನೆಯ ವಯಸ್ಸಿನಲ್ಲಿ ತೀರಿಕೊಂಡಳು. 1970ರಲ್ಲಿ ಆ ಧರ್ಮದವರು ಅವಳಿಗೆ ಆಚಾರ್ಯಪದವಿಯನ್ನು ಸಲ್ಲಿಸಿದರು. ಬಣ್ಣ ಅದ್ದುವವನ ಮಗಳ ಮಾತು ಆಚಾರ್ಯರ ಮಾತೆನಿಸಿಕೊಳ್ಳಲು ಆರುನೂರು ವರ್ಷ ಹಿಡಿಯಿತು. ಮಾದಾರ, ಮಡಿವಾಳ, ಅಂಬಿಗರ ವಚನಗಳನ್ನು ಮನೆಯಲ್ಲಿಟ್ಟುಕೊಂಡ ನಾವು ಈ ವಿಳಂಬಕ್ಕೆ ಬೆರಗಾಗಬಹುದು, ಆದರೆ ನಮ್ಮ ಮದುವೆಯ ಮಾತುಕತೆಗಳನ್ನು ನೆನೆದರೆ ಬೆರಗು ಕೂಡಲೇ ಇಳಿಯುತ್ತದೆ. ಅವಳ ಮನೆ ಈಗ ದೇವಸ್ಥಾನ. ಇಳಿಜಾರಿನ ಬೀದಿ, ಕೋಲು ಬೇಕು.

ಸಿಯೆನಾದಲ್ಲಿ ಓದುಗರು ತಪ್ಪಿಸಬಾರದ ಇನ್ನೊಂದು ಸ್ಥಳವುಂಟು, ಯಾತ್ರಿಕರು ಸಾಮಾನ್ಯವಾಗಿ ಬಿಟ್ಟುಹೋಗುವಂಥದು. ಮುಖ್ಯ ದೇವಾಲಯದ ಎದುರಿಗೇ ಇರುವ ಸಾಂತಾ ಮರಿಯಾ ದೆಲ್ಲಾ ಸ್ಕಾಲಾ. ರೋಮಿಗೆ ನಡೆದುಹೋಗುವ ಯಾತ್ರಿಕರಿಗೆ ಅನ್ನ, ಹಾಸಿಗೆ, ಔಷಧ ಕೊಡಲು ಮಧ್ಯಯುಗದಲ್ಲಿ ಆರಂಭವಾದ ಧರ್ಮಶಾಲೆ. ಬೀದಿಯಲ್ಲಿ ಬಿಟ್ಟುಹೋದ ಕೂಸುಗಳನ್ನು ಎತ್ತಿ ಸಾಕಿ, ಹೆಣ್ಣುಮಕ್ಕಳಿಗೆ ವರದಕ್ಷಿಣೆ ಕೊಟ್ಟು ಮದುವೆ ಮಾಡಿ ಕಳುಹಿಸುತ್ತಿದ್ದರು. ಇದಕ್ಕೆಲ್ಲ ಬೇಕಾದ ಗೋದಿಯನ್ನು ಬೆಳೆಯಲು ಸುತ್ತಣ ಸೀಮೆಯಲ್ಲಿ ಸಂಸ್ಥೆಯದೇ ಹೊಲಗಳೂ ಕೋಟೆಯಂಥ ಕಣಜಗಳೂ ಇದ್ದವು. ಯಾತ್ರಿಕರ ಪಡಸಾಲೆಯೆಂಬ ಕೋಣೆಯ ಗೋಡೆಗಳ ಮೇಲೆ 1440ರ ದಶಕದಲ್ಲಿ ಬರೆದ ಚಿತ್ರಗಳಿವೆ. ದೇವತೆಗಳದಲ್ಲ, ಅಲ್ಲಿ ದಿನವೂ ನಡೆಯುತ್ತಿದ್ದ ಕೆಲಸದ ಚಿತ್ರಗಳು. ಒಬ್ಬನು ರೋಗಿಯ ಕಾಲು ತೊಳೆಯುತ್ತಿದ್ದಾನೆ, ಬೆತ್ತಲೆಯ ಬಡವನೊಬ್ಬ ಕೊಟ್ಟ ಅಂಗಿಯನ್ನು ತಲೆಯ ಮೇಲಿಂದ ಎಳೆದುಕೊಳ್ಳುತ್ತಿದ್ದಾನೆ, ರೊಟ್ಟಿ ಹಂಚಲಾಗುತ್ತಿದೆ. ಇದೇ ಕಟ್ಟಡದಲ್ಲಿ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳವರೆಗೂ ಆಸ್ಪತ್ರೆ ನಡೆಯಿತು. ಲೇಖಕ ಇಟಾಲೊ ಕಾಲ್ವಿನೊ 1985ರಲ್ಲಿ ಕೊನೆಯುಸಿರೆಳೆದದ್ದು ಇಲ್ಲಿಯೇ. ಈಗ ವಸ್ತುಸಂಗ್ರಹಾಲಯ. ಕೂರಲು ಪೀಠಗಳಿವೆ. ದಾಸೋಹದ ಮಠದಲ್ಲಿ ಹನ್ನೊಂದು ವರ್ಷ ಉಂಡು ಓದಿದವನು ನಾನು. ಆ ಕೋಣೆಯಿಂದ ಎದ್ದು ಬರಲು ಮನಸ್ಸಾಗಲಿಲ್ಲ. ಮನೆಯವರೇ ಬಸ್ಸಿನ ಹೊತ್ತನ್ನು ನೆನಪಿಸಬೇಕಾಯಿತು.

ಅಸ್ಸೀಸಿ ಎರಡೂವರೆ ಗಂಟೆಯ ದಾರಿ, ನಮ್ಮ ನಿಯಮದ ಅಂಚಿನಲ್ಲಿದೆ. ನೇರ ರೈಲನ್ನೇ ಆರಿಸಿ. ಬಟ್ಟೆ ವ್ಯಾಪಾರಿಯ ಮಗನಾಗಿ ಹುಟ್ಟಿ, ತಂದೆಯ ಬಟ್ಟೆಯನ್ನು ತಂದೆಗೇ ಬಿಚ್ಚಿಕೊಟ್ಟು ಹೊರಟ ಸಂತ ಫ್ರಾನ್ಸಿಸ್ಸನ ಊರು ಅದು. ಆತ 1226ರ ಅಕ್ಟೋಬರ್ 3ರಂದು ದೇಹ ಬಿಟ್ಟದ್ದು ಬೆಟ್ಟದ ಮೇಲಲ್ಲ, ಬೆಟ್ಟದ ಕೆಳಗೆ, ಪೊರ್ಸಿಯುಂಕುಲಾ ಎಂಬ ಪುಟ್ಟ ಗುಡಿಯ ಮಗ್ಗುಲಲ್ಲಿ. ಅದು ರೈಲು ನಿಲ್ದಾಣಕ್ಕೆ ಹತ್ತಿರ, ಸಮತಟ್ಟು. ಬೆಟ್ಟದ ಮೇಲಿನ ಊರಿಗೆ ಬಸ್ಸು ಹೋಗುತ್ತದೆ. ಮೇಲಿನ ಮಹಾದೇವಾಲಯದ ಕಮಾನು 1997ರ ಸೆಪ್ಟೆಂಬರ್ 26ರ ಭೂಕಂಪದಲ್ಲಿ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಒಡೆದ ಚಿತ್ರಗಳ ಸಾವಿರಾರು ಚೂರುಗಳನ್ನು ಆಯ್ದು ಜೋಡಿಸಿ 1999ರಲ್ಲಿ ಮತ್ತೆ ತೆರೆದರು. ಕೆಳಗಿನ ಆ ಪುಟ್ಟ ಗುಡಿಯಾದರೋ ನಮ್ಮ ಹಳ್ಳಿಯ ಗದ್ದುಗೆಯ ಗುಡಿಯಷ್ಟೇ ಇದೆ. ಅದರ ಮೇಲೆ, ಅದನ್ನು ಒಳಗಿಟ್ಟುಕೊಂಡು, 1569ರಿಂದ ನೂರಕ್ಕೂ ಹೆಚ್ಚು ವರ್ಷ ದುಡಿದು ಒಂದು ದೈತ್ಯ ದೇವಾಲಯವನ್ನು ಕಟ್ಟಿದ್ದಾರೆ. ಏನೂ ಬೇಡವೆಂದವನ ಮೇಲೆ ಇಷ್ಟೊಂದು ಕಲ್ಲು. ನಮ್ಮಲ್ಲಿಯೂ ಇಂಥ ಉದಾಹರಣೆಗಳಿವೆ. ಹೆಸರಿಸಿದರೆ ಸಂಪಾದಕರ ಮೇಜಿನ ಮೇಲೆ ಪತ್ರಗಳ ರಾಶಿ ಬಿದ್ದೀತು.

ಚರ್ಚುಗಳಲ್ಲಿ ಹೆಗಲು, ಮೊಣಕಾಲು ಮುಚ್ಚಿರಬೇಕು. ಸೀರೆ, ಧೋತರಗಳವರಿಗೆ ಈ ಚಿಂತೆಯಿಲ್ಲ. ಸಣ್ಣ ಚರ್ಚುಗಳು ಮಧ್ಯಾಹ್ನ ಮೂರು ಗಂಟೆಯ ತನಕ ಮುಚ್ಚುವುದುಂಟು. ಆ ಹೊತ್ತನ್ನು ಬುತ್ತಿಗೆ ಇಟ್ಟುಕೊಳ್ಳಿ.

ಕೊನೆಯದಾಗಿ ಯಾವ ಪಟ್ಟಿಯಲ್ಲಿಯೂ ಇರದಿದ್ದ ಒಂದು ಪ್ರಯಾಣ. ನನ್ನ ಮನೆಯವರ ತವರು ಗಡಹಿಂಗ್ಲಜ ಸೀಮೆ, ಹಳೆಯ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿದ್ದು. ಕೊಲ್ಲಾಪುರದ ರಾಜನೊಬ್ಬ ಪರದೇಶದ ನದಿಯ ದಂಡೆಯಲ್ಲಿ ತೀರಿಹೋದನೆಂದು ಅವರ ಅಜ್ಜಿ ಹೇಳುತ್ತಿದ್ದರಂತೆ. ಅದು ಫ್ಲಾರೆನ್ಸೇ ಎಂದು ಮಗಳು ಹೇಳಿದ ಮೇಲೆ ಅವರು ಕೇಳಿದ್ದು ಒಂದೇ ಸ್ಥಳ. ಎರಡನೆಯ ರಾಜಾರಾಮ ಛತ್ರಪತಿ, ಇಂಗ್ಲೆಂಡ್ ನೋಡಿ ಊರಿಗೆ ಮರಳುತ್ತಿದ್ದವನು, 1870ರ ನವೆಂಬರ್ 30ರಂದು, ಇಪ್ಪತ್ತರ ಹರೆಯದಲ್ಲಿ, ಆಗ ಇಟಲಿಯ ರಾಜಧಾನಿಯಾಗಿದ್ದ ಈ ನಗರದಲ್ಲಿ ನಿಧನನಾದ. ಹೆಣ ಸುಡುವ ರೂಢಿಯೇ ಇಲ್ಲದ ನಾಡಿನಲ್ಲಿ ವಿಶೇಷ ಅನುಮತಿ ಪಡೆದು, ಆರ್ನೊ ನದಿಗೆ ಮುಞೋನೆ ಹೊಳೆ ಕೂಡುವ ಸಂಗಮದಲ್ಲಿ ಅವನ ಸಂಸ್ಕಾರ ಮಾಡಿದರು. ಅವನು ಬರೆದಿಟ್ಟ ಪ್ರವಾಸದ ದಿನಚರಿ 1872ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಯಿತು. 1874ರಲ್ಲಿ ಆ ಸ್ಥಳದಲ್ಲಿ ಛತ್ರಿಯ ಕೆಳಗೆ ಅವನ ಎದೆಮಟ್ಟದ ಪ್ರತಿಮೆ ನಿಲ್ಲಿಸಿದರು. ಜನ ಅದನ್ನು "ಇಂದಿಯಾನೊ", ಭಾರತೀಯನು, ಎಂದೇ ಕರೆಯುತ್ತಾರೆ. ಮಗ್ಗುಲಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಕಟ್ಟಿದ ಹೆದ್ದಾರಿ ಸೇತುವೆಗೂ ಅದೇ ಹೆಸರು.

ಇದು ಕಾಶ್ಚಿನೆ ಎಂಬ ಉದ್ಯಾನದ ಪಶ್ಚಿಮದ ತುದಿಯಲ್ಲಿದೆ. ಉದ್ಯಾನ ಮೂರು ಕಿಲೋಮೀಟರಿಗೂ ಉದ್ದ, ಟ್ರಾಮು ಮುಟ್ಟುವುದು ಪೂರ್ವದ ತುದಿಯನ್ನು. ಆದ್ದರಿಂದ ನಾವು ಟ್ಯಾಕ್ಸಿಯಲ್ಲಿ ಆದಷ್ಟು ಹತ್ತಿರ ಹೋಗಿ, ಉಳಿದದ್ದನ್ನು ನಿಧಾನವಾಗಿ ನಡೆದೆವು. ಅವರು ಪ್ರತಿಮೆಯ ಮುಖವನ್ನು ಬಹಳ ಹೊತ್ತು ನೋಡಿದರು. ನಮ್ಮ ಮೊಮ್ಮಗನಿಗಿಂತ ಒಂದೆರಡು ವರ್ಷ ದೊಡ್ಡವನಿದ್ದಾನು ಎಂದರು. ಚೀಲದಿಂದ ಬೆಳಗಿನ ಪೂಜೆಯಲ್ಲಿ ಉಳಿದ ಹೂವನ್ನು ತೆಗೆದು ಕಟ್ಟೆಯ ಮೇಲಿಟ್ಟರು. ಮೇಲೆ ಸೇತುವೆಯ ವಾಹನಗಳ ಸದ್ದು, ಕೆಳಗೆ ಎರಡು ನೀರು ಕೂಡುವ ಜಾಗದಲ್ಲಿ ಯಾರೋ ಗಾಳ ಹಾಕಿ ಕುಳಿತಿದ್ದರು. ಊಟ ಅಲ್ಲಿಯೇ ಆಯಿತು.

ಮರುದಿನ ಸಾನ್ ಜಿಮಿಞಾನೋಗೆ ಹೋಗೋಣವೆ ಎಂದು ಅವರೇ ಕೇಳಿದರು. ಬೇಡವೆಂದೆ. ಎಪ್ಪತ್ತೆರಡರಲ್ಲಿ ಹದಿನಾಲ್ಕು ಗೋಪುರಗಳು ಉಳಿದಿವೆಯಂತೆ ಆ ಊರಿನಲ್ಲಿ. ಪೊಜ್ಜಿಬೊನ್ಸಿಯಲ್ಲಿ ಬಸ್ಸು ಬದಲಿಸಬೇಕು. ಪತ್ರ ಬರೆದ ತಾಯಿ ಹೋಗಿಬಂದರೆ ಹೇಗಿದೆಯೆಂದು ತಿಳಿಸಲಿ.